ಅಳಿವೆ ಕೆಸರಿನ ಲೋಹಗಳು: ನೈಸರ್ಗಿಕ ಮತ್ತು ಮಾನವಕೃತ

ಹೊಳೆ ಕಡಲು ಸೇರುವ, ಸಿಹಿನೀರು ಉಪ್ಪುನೀರು ಬೆರೆಯುವ ಜಾಗವೇ ಅಳಿವೆ. ಅದರ ತಳದ ಕೆಸರಿನಲ್ಲಿ ಕ್ರೋಮಿಯಂ, ನಿಕಲ್, ತಾಮ್ರ, ಸತು, ಸೀಸ ಇದ್ದೇ ಇರುತ್ತವೆ. ಇವುಗಳಲ್ಲಿ ಬಂಡೆ ಸವೆದು ಬಂದದ್ದೆಷ್ಟು, ಕಾರ್ಖಾನೆ, ಚರಂಡಿ, ಬಂದರು, ಗಣಿಗಳಿಂದ ಸೇರಿದ್ದೆಷ್ಟು ಎಂಬುದನ್ನು ಭೂರಸಾಯನಶಾಸ್ತ್ರ ಬೇರ್ಪಡಿಸಿ ನೋಡುತ್ತದೆ. ಒಟ್ಟು ಪ್ರಮಾಣವೊಂದನ್ನೇ ಅಳೆದರೆ ಇದು ತಿಳಿಯದು.

ಲೋಹಗಳು ಅಂಟಿಕೊಳ್ಳುವುದು ಹೆಚ್ಚಾಗಿ ಜೇಡಿಯ ಸೂಕ್ಷ್ಮ ಕಣಗಳಿಗೆ. ಮರಳು ಅವನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಹಾಗಾಗಿ 63 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಸೋಸಿ ಪರೀಕ್ಷಿಸುತ್ತಾರೆ, ಇಲ್ಲವೇ ಲೋಹವನ್ನು ಜೇಡಿಯ ಗುರುತಾದ ಅಲ್ಯೂಮಿನಿಯಂನೊಂದಿಗೆ ಹೋಲಿಸುತ್ತಾರೆ. ಒಂದು ಮಾದರಿಯಲ್ಲಿ ಸತು 40 ಪಿಪಿಎಂ (ದಶಲಕ್ಷಕ್ಕೆ 40 ಭಾಗ), ಅಲ್ಯೂಮಿನಿಯಂ ಶೇ 3. ಇನ್ನೊಂದರಲ್ಲಿ ಸತು 107, ಅಲ್ಯೂಮಿನಿಯಂ ಶೇ 8 ಇದೆ ಎಂದಿಟ್ಟುಕೊಳ್ಳೋಣ. ಎರಡನೆಯದು ಕೊಳಕಾಗಿ ಕಂಡರೂ ಅನುಪಾತ ಎರಡರಲ್ಲೂ ಬಹುತೇಕ ಒಂದೇ. ಅಲ್ಲಿ ಹೆಚ್ಚಿರುವುದು ಜೇಡಿ ಮಾತ್ರ. ಈ ಅನುಪಾತವನ್ನು ಹಿನ್ನೆಲೆ ಅನುಪಾತದಿಂದ ಭಾಗಿಸಿದರೆ ಬರುವುದು ಪುಷ್ಟೀಕರಣ ಗುಣಕ. ಅದು 1ರ ಆಸುಪಾಸಿನಲ್ಲಿದ್ದರೆ ಲೋಹ ಬಂಡೆಯದು.

ಕಷ್ಟವಿರುವುದು ಹಿನ್ನೆಲೆಯನ್ನು ಆರಿಸುವುದರಲ್ಲಿ. ಟ್ಯುರೇಕಿಯನ್ ಮತ್ತು ವೆಡೆಪೋಲ್ 1961ರಲ್ಲಿ ಕೊಟ್ಟ ಜೇಡಿಶಿಲೆಯ ಜಾಗತಿಕ ಸರಾಸರಿಯನ್ನು (ಕ್ರೋಮಿಯಂ 90, ನಿಕಲ್ 68, ಸೀಸ 20 ಪಿಪಿಎಂ) ಇಂದಿಗೂ ಬಳಸುವವರಿದ್ದಾರೆ. ಮ್ಯೂಲರ್ ಕೆಸರಿನ ಲೋಹಮಾಲಿನ್ಯ ಅಳೆಯುವ 1969ರ ತನ್ನ ಸೂಚ್ಯಂಕದಲ್ಲಿ ಹಿನ್ನೆಲೆಯನ್ನು 1.5ರಿಂದ ಗುಣಿಸಿದ್ದು ಬಂಡೆಗಳ ಸಹಜ ಏರಿಳಿತಕ್ಕೆ ಅವಕಾಶ ಬಿಡಲೆಂದೇ. ಆದರೆ ಪಶ್ಚಿಮಘಟ್ಟದ ಹೊಳೆಗಳಿಗೆ ಅಷ್ಟು ಸಡಿಲ ಸಾಲದು. ಧಾರವಾಡ ಶಿಲಾಸಮೂಹದ ಗಾಢ ಬಣ್ಣದ ಬಂಡೆಗಳಲ್ಲಿ ಕ್ರೋಮಿಯಂ, ನಿಕಲ್ ಹುಟ್ಟಿನಿಂದಲೇ ಹೆಚ್ಚು. ಕರಾವಳಿಯ ಮುರಕಲ್ಲಿನಲ್ಲಿ ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡಿರುತ್ತವೆ. ಅಳತೆಗೋಲಾಗಬೇಕಾದ ಅಲ್ಯೂಮಿನಿಯಂ ಅಲ್ಲಿ ತಾನೇ ಉಬ್ಬಿರುತ್ತದೆ. ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಯ ಕೆಸರನ್ನು ಜಾಗತಿಕ ಸರಾಸರಿಯೊಂದಿಗೆ ತೂಗುವುದಕ್ಕಿಂತ ಆ ಹೊಳೆಗಳದೇ ಮೇಲ್ಭಾಗದ ಮಣ್ಣಿನೊಂದಿಗೆ ತೂಗುವುದು ಲೇಸು.

ಕುದುರೆಮುಖದ ಕಬ್ಬಿಣದ ಗಣಿ ಈ ವಿಂಗಡಣೆಯನ್ನೇ ಪೇಚಿಗೆ ಸಿಕ್ಕಿಸುತ್ತದೆ. ಅಲ್ಲಿನ ಅದಿರಿನ ರಾಡಿ 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಉಳಿಕೆ ಮಣ್ಣು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯಿಂದ ಹೊಳೆಗಿಳಿದ ಹೂಳಿನ ಕಬ್ಬಿಣ ರಾಸಾಯನಿಕವಾಗಿ ಬೆಟ್ಟದ್ದೇ, ಅದನ್ನು ಸಡಿಲಿಸಿದ ಕೈ ಮಾತ್ರ ಮನುಷ್ಯನದು. ಕಬ್ಬಿಣವನ್ನೇ ಅಳತೆಗೋಲಾಗಿ ಇಟ್ಟುಕೊಂಡ ಲೆಕ್ಕದಲ್ಲಿ ಅಂಥ ಹೂಳು ಕಾಣಿಸುವುದೇ ಇಲ್ಲ.

ಕಾಲದ ಸಾಕ್ಷ್ಯಕ್ಕೆ ಕೊಳವೆ ಇಳಿಸಿ ಕೆಸರಿನ ಕಂಬವನ್ನು ಎತ್ತುತ್ತಾರೆ. ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸ-210ರಿಂದ ಕಳೆದ ನೂರು ವರ್ಷಗಳ ಪದರಗಳಿಗೆ ವಯಸ್ಸು ಸಿಗುತ್ತದೆ. ಕೈಗಾರಿಕೆಗಿಂತ ಹಳೆಯ ಪದರವೇ ನಂಬಬಹುದಾದ ಹಿನ್ನೆಲೆ. ಮೇಲ್ಪದರದಲ್ಲಿ ಲೋಹ ಏರಿದ ಮಾತ್ರಕ್ಕೆ ಮಾಲಿನ್ಯವೆನ್ನಲಾಗದು. ಆಮ್ಲಜನಕವಿಲ್ಲದ ಆಳದಲ್ಲಿ ಮ್ಯಾಂಗನೀಸ್, ಕಬ್ಬಿಣ ಕರಗಿ ಮೇಲಕ್ಕೆ ಬಂದು, ಆಮ್ಲಜನಕ ಸಿಕ್ಕಲ್ಲಿ ಮತ್ತೆ ಗಟ್ಟಿಯಾಗಿ, ಬೇರೆ ಲೋಹಗಳನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಸೀಸದ ಮೂಲವನ್ನು ಅದರ ಐಸೊಟೋಪುಗಳ ಅನುಪಾತ ಹೇಳಬಲ್ಲದು. ಟೆಸ್ಸಿಯರ್ ಮತ್ತು ಸಂಗಡಿಗರು 1979ರಲ್ಲಿ ರೂಪಿಸಿದ ಹಂತಹಂತದ ಕರಗಿಸುವಿಕೆಯಲ್ಲಿ, ಖನಿಜದೊಳಗೆ ಬಿಗಿದ ಲೋಹ ಕೊನೆಯವರೆಗೂ ಉಳಿಯುತ್ತದೆ, ಹೊರಗಿನಿಂದ ಬಂದು ಅಂಟಿದ್ದು ಸಾಮಾನ್ಯವಾಗಿ ಮೊದಲೇ ಬಿಡುತ್ತದೆ.

ಅಳಿವೆಯಿಂದ ಒಳನಾಡಿಗೆ ಬಂದರೆ, ಕಡೂರು ತಾಲ್ಲೂಕಿನ ಹಿರೇನಲ್ಲೂರಿನಿಂದ ಕಡಲು ದೂರ. ಈ ಸೀಮೆಯ ನೀರು ವೇದಾವತಿ, ತುಂಗಭದ್ರೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಆದರೆ ಬಾಬಾಬುಡನ್ ಗಿರಿಯಿಂದ ಬಂದ ಹೂಳಿನ ಬಹುಪಾಲು ನಡುವೆಯೇ, 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿನ ಹಿಂದೆ ತಂಗುತ್ತದೆ. ಅಲ್ಲಿನ ಕೆಸರಿಗೂ ಇದೇ ವಿಧಾನ ಸಲ್ಲುತ್ತದೆ. ಹೂಳಿನ ತಳದ ಪದರಕ್ಕೆ ಅಣೆಕಟ್ಟಿನ ವಯಸ್ಸೇ ಸಾಕ್ಷಿ. ಅಲ್ಲಿ ಗಮನಿಸಬೇಕಾದ ಲೋಹ ತಾಮ್ರ. ಕಾಫಿ, ಅಡಿಕೆ ತೋಟಗಳಿಗೆ ತಲೆಮಾರುಗಳಿಂದ ಹೊಡೆಯುತ್ತ ಬಂದ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ. ಒಂದೂ ಚಿಮಣಿ ಇಲ್ಲದ ಕಣಿವೆಯಲ್ಲೂ ಮಳೆನೀರು ಆ ತಾಮ್ರವನ್ನು ಮಣ್ಣಿನೊಂದಿಗೆ ಕೆಳಗಿಳಿಸುತ್ತದೆ.