ಮೊಣಕಾಲು ಕೀಲು ಬದಲಾವಣೆ: ಜೋಡಣೆ ಮತ್ತು ಚಲನೆ
ಕೃತಕ ಮೊಣಕಾಲು ಹೇಗೆ ಮಡಚುತ್ತದೆ ಎಂಬುದನ್ನು ಇಂಪ್ಲಾಂಟಿನ ಆಕಾರದಷ್ಟೇ ಅದನ್ನು ಕೂರಿಸಿದ ಕೋನವೂ ನಿರ್ಧರಿಸುತ್ತದೆ. ಸೊಂಟ, ಮಂಡಿ, ಪಾದದ ಕೀಲುಗಳ ಕೇಂದ್ರಗಳನ್ನು ಒಂದೇ ಸರಳರೇಖೆಗೆ ತರುವ ಯಾಂತ್ರಿಕ ಜೋಡಣೆ ಬಹುಕಾಲ ನಿಯಮವಾಗಿತ್ತು. ಸಹಜ ಕೀಲಿನ ಗೆರೆಯಾದರೋ ಸರಾಸರಿ ಸುಮಾರು 3 ಡಿಗ್ರಿ ಓರೆ. ಅದನ್ನು ಸಮಮಾಡಿದರೆ ಅಸ್ಥಿರಜ್ಜುಗಳ ಬಿಗುವು ಬದಲಾಗುತ್ತದೆ. ಸರಿದೂಗಿಸಲು ತೊಡೆಮೂಳೆಯ ಬಿಡಿಭಾಗವನ್ನು ತುಸು ಹೊರಕ್ಕೆ ತಿರುಗಿಸಿ ಕೂರಿಸಬೇಕಾಗುತ್ತದೆ. ಅದು ಒಳಕ್ಕೆ ತಿರುಗಿತೋ, ಮಂಡಿಚಿಪ್ಪು ಹಾದಿ ತಪ್ಪುತ್ತದೆ. ಮೇಲಾಗಿ, ಆರೋಗ್ಯವಂತ ವಯಸ್ಕರಲ್ಲೂ ಅನೇಕರ ಕಾಲು ಹುಟ್ಟುಗುಣದಿಂದಲೇ ತುಸು ಬಾಗಿರುವಾಗ ಎಲ್ಲರಿಗೂ ಒಂದೇ ರೇಖೆ ಎಳೆಯುವುದು ಸಮಂಜಸವೆನಿಸದು.

ನೇರವಿಲ್ಲದ ಕಾಲಿನಲ್ಲಿ ಇಂಪ್ಲಾಂಟ್ ಬೇಗ ಸಡಿಲಗೊಳ್ಳುತ್ತದೆಂಬ ಆಕ್ಷೇಪ ಹಗುರವಾದುದಲ್ಲ. ಆದರೂ 398 ಮೊಣಕಾಲುಗಳ ಕುರಿತು ಅಮೆರಿಕದ ಮೇಯೊ ಕ್ಲಿನಿಕ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾಂತ್ರಿಕ ರೇಖೆಯಿಂದ 3 ಡಿಗ್ರಿಯ ಮಿತಿಯೊಳಗಿದ್ದವು 15 ವರ್ಷಗಳ ಬಾಳಿಕೆಯಲ್ಲಿ ಮೇಲುಗೈ ಸಾಧಿಸಲಿಲ್ಲ. ಇದು ಮನಬಂದ ಕೋನಕ್ಕೆ ಪರವಾನಗಿಯಲ್ಲ. ರೋಗಿಯ ಮೂಲ ಓರೆಯನ್ನೇ ಮರಳಿಸುವ ಚಲನಾನುಗುಣ ಜೋಡಣೆಯ ಪರೀಕ್ಷಾಫಲಗಳೂ ಇನ್ನೂ ಮಿಶ್ರವಾಗಿವೆ.