ಒಲ್ಲೆನೆಂಬ ಮಾತು: ತೆರಕಣಾಂಬಿಯ ಜೀವಂಧರ ಕಥೆ ಮತ್ತು ದಾಂಪತ್ಯದ ಸಮ್ಮತಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿರುವ ತೆರಕಣಾಂಬಿ ಇಂದು ಒಂದು ಹೋಬಳಿ ಕೇಂದ್ರ. ಸಂಸ್ಕೃತದಲ್ಲಿ ತ್ರಿಕದಂಬಪುರವೆಂದು ಕರೆಸಿಕೊಂಡ ಈ ಊರು ಒಂದು ಕಾಲಕ್ಕೆ ಕೋಟೆ, ದೇವಾಲಯಗಳಿಂದ ಕೂಡಿದ ಪಟ್ಟಣವಾಗಿತ್ತು. ಕನ್ನಡ ಸಾಹಿತ್ಯ ಚರಿತ್ರೆ ಇದನ್ನು ನೆನೆಯುವುದು ಮುಖ್ಯವಾಗಿ ಒಬ್ಬ ಜೈನ ಕವಿಯ ಹೆಸರಿನೊಂದಿಗೆ. ಸುಮಾರು 1485ರಲ್ಲಿದ್ದ ತೆರಕಣಾಂಬಿ ಬೊಮ್ಮರಸ 'ಸನತ್ಕುಮಾರ ಚರಿತೆ'ಯನ್ನೂ 'ಜೀವಂಧರ ಸಾಂಗತ್ಯ'ವನ್ನೂ ರಚಿಸಿದನು. ಇವುಗಳಲ್ಲಿ ಎರಡನೆಯದರ ವಸ್ತುವಾದ ಜೀವಂಧರನ ಕಥೆ ದಕ್ಷಿಣ ಭಾರತದ ಜೈನರಿಗೆ ಬಹು ಪ್ರಿಯವಾದುದು. ಸಂಸ್ಕೃತದಲ್ಲಿ ವಾದೀಭಸಿಂಹನ 'ಕ್ಷತ್ರಚೂಡಾಮಣಿ' ಮತ್ತು 'ಗದ್ಯಚಿಂತಾಮಣಿ', ತಮಿಳಿನಲ್ಲಿ ತಿರುತ್ತಕ್ಕದೇವರ 'ಜೀವಕ ಚಿಂತಾಮಣಿ', ಕನ್ನಡದಲ್ಲಿ ಪೆನುಗೊಂಡೆಯ ಭಾಸ್ಕರ 1424ರಲ್ಲಿ ಬರೆದ 'ಜೀವಂಧರ ಚರಿತೆ', ಬಳಿಕ ಬೊಮ್ಮರಸನ ಸಾಂಗತ್ಯ, ಕೋಟೇಶ್ವರನ ಷಟ್ಪದಿ: ಇಷ್ಟು ಮಂದಿ ಒಂದೇ ಕಥೆಗೆ ಕೈಯಿಟ್ಟಿದ್ದಾರೆ.

ಎಂಟು ಮದುವೆಗಳ ಈ ಕಥೆಯನ್ನು ವೈರಾಗ್ಯದ ಕಥೆಯೆಂದು ಓದುವುದು ವಾಡಿಕೆ. ದಾಂಪತ್ಯದ ಕಥೆಯೆಂದು ಓದಿದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಮದುವೆಯ ದಿನ ಕೊಟ್ಟ ಒಪ್ಪಿಗೆ ಬಾಳಿನುದ್ದಕ್ಕೂ ಇರುವ ಒಪ್ಪಿಗೆಯೆ? ಹೆಂಡತಿಯಾದವಳು ಅದನ್ನು ಹಿಂದಕ್ಕೆ ಪಡೆಯಬಹುದೆ? ಪಡೆದರೆ ಆ ನಡೆಗೆ ನಮ್ಮ ಪರಂಪರೆ ಯಾವ ಹೆಸರಿಟ್ಟಿತು?

ಕಥೆಯ ಮೊದಲಲ್ಲೇ ಹಾಸಿಗೆಯ ಪ್ರಸಂಗವಿದೆ. ಹೇಮಾಂಗದ ದೇಶದ ರಾಜಪುರದ ಅರಸ ಸತ್ಯಂಧರನು ರಾಣಿ ವಿಜಯೆಯಲ್ಲಿ ಅತ್ಯಾಸಕ್ತನಾಗಿ ಅಂತಃಪುರದಿಂದ ಹೊರಬರದೆ, ರಾಜ್ಯಭಾರವನ್ನು ಕಾಷ್ಠಾಂಗಾರನೆಂಬವನಿಗೆ ಒಪ್ಪಿಸುತ್ತಾನೆ. ಅವನು ತಿರುಗಿಬಿದ್ದು ಅರಸನನ್ನು ಕೊಲ್ಲುತ್ತಾನೆ. ತುಂಬು ಬಸುರಿ ವಿಜಯೆ ನವಿಲಿನಾಕಾರದ ಯಂತ್ರವೇರಿ ಪಾರಾಗಿ ಸ್ಮಶಾನದಲ್ಲಿ ಮಗುವನ್ನು ಹೆರುತ್ತಾಳೆ. ಇಲ್ಲಿ ದೋಷ ಗಂಡನದೆಂಬುದರಲ್ಲಿ ಪರಂಪರೆಗೆ ಸಂದೇಹವಿಲ್ಲ. ಜೈನ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಅಣುವ್ರತ ಸ್ವದಾರಸಂತೋಷ, ಎಂದರೆ ತನ್ನ ಹೆಂಡತಿಯಲ್ಲೇ ತೃಪ್ತನಾಗಿರುವುದು. ಆದರೆ ಅಲ್ಲಿಗೇ ಅದು ನಿಲ್ಲುವುದಿಲ್ಲ. 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯ ಈ ವ್ರತಕ್ಕೆ ಹೇಳುವ ಅತಿಚಾರಗಳಲ್ಲಿ 'ಕಾಮತೀವ್ರಾಭಿನಿವೇಶ'ವೂ ಒಂದು. ಕಾಮದ ಮಿತಿಮೀರಿದ ಆವೇಶ ವ್ರತಕ್ಕೆ ಕಳಂಕವೆಂಬುದು ಇದರ ತಾತ್ಪರ್ಯ. ಸ್ವಂತ ಹೆಂಡತಿಯೆಂಬ ಕಾರಣಕ್ಕೆ ಇದರಿಂದ ವಿನಾಯಿತಿಯಿಲ್ಲ. ಮದುವೆಯು ಕಾಮಕ್ಕೆ ಕೊಟ್ಟ ಪೂರ್ಣ ಪರವಾನಗಿಯಲ್ಲವೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಧರ್ಮಶಾಸ್ತ್ರ ಪ್ರಾಚೀನ ಭಾರತದಲ್ಲಿ ವಿರಳ. ಇದನ್ನು ಹೆಮ್ಮೆಯಿಂದ ಹೇಳಬಹುದು, ಹೇಳಿದವರೂ ಇದ್ದಾರೆ.

ಹೆಮ್ಮೆ ಪಡುವ ಮೊದಲು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಅತಿಚಾರದಿಂದ ಕೆಡುವುದು ಯಾರು? ಶಾಸ್ತ್ರದ ಲೆಕ್ಕದಲ್ಲಿ ಕೆಡುವುದು ಗಂಡನ ವ್ರತ, ಅವನ ಪರಿಣಾಮ ಶುದ್ಧಿ. ಕರ್ಮ ಅಂಟುವುದು ಅವನ ಆತ್ಮಕ್ಕೆ. ಹೆಂಡತಿಯ ಇಚ್ಛೆಗೆ ಭಂಗ ಬಂತೆಂಬುದು ಆ ಎಣಿಕೆಯೊಳಗೆ ಬರುವುದಿಲ್ಲ. ಸತ್ಯಂಧರನ ಕಥೆಯೂ ಹಾಗೆಯೇ. ಅರಸನ ಅತಿಕಾಮದಿಂದ ರಾಜ್ಯ ಹೋಯಿತು, ಪ್ರಾಣ ಹೋಯಿತು. ವಿಜಯೆಗೆ ಆ ನಿರಂತರ ಅಂತಃಪುರವಾಸ ಬೇಕಿತ್ತೋ ಇಲ್ಲವೋ ಎಂಬುದು ಕಥೆಯ ಪ್ರಶ್ನೆಯಲ್ಲ.

ಕಥೆಯ ಕೊನೆಯಲ್ಲಿ ಇನ್ನೊಂದು ದಂಪತಿ ಬರುತ್ತದೆ, ಮನುಷ್ಯರದಲ್ಲ, ಕಪಿಗಳದು. ಕ್ಷತ್ರಚೂಡಾಮಣಿಯ ಕಡೆಯ ಲಂಬದಲ್ಲಿ, ವಸಂತದ ಜಲಕ್ರೀಡೆ ಮುಗಿಸಿದ ಜೀವಂಧರ ಉದ್ಯಾನದಲ್ಲಿ ಒಂದು ದೃಶ್ಯವನ್ನು ಕಾಣುತ್ತಾನೆ. ಗಂಡು ಕಪಿ ಬೇರೊಂದು ಹೆಣ್ಣಿನೊಡನೆ ಸೇರಿ ಬಂದಿದೆ. ಅದರ ಜೊತೆಗಾತಿ ಮುನಿದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಗಂಡು ನಾನಾ ಬಗೆಯಾಗಿ ಓಲೈಸುತ್ತದೆ, ಫಲ ಸಿಗದು. ಕೊನೆಗೆ ಸತ್ತಂತೆ ನಟಿಸುತ್ತದೆ. ಹೆಣ್ಣು ಬೆದರಿ, ಮುನಿಸು ಮರೆತು ಬಳಿಗೆ ಬರುತ್ತದೆ. ಸಂತುಷ್ಟವಾದ ಗಂಡು ಒಂದು ಹಲಸಿನ ಹಣ್ಣನ್ನು ತಂದು ಅದಕ್ಕೆ ಕೊಡುತ್ತದೆ. ಅಷ್ಟರಲ್ಲಿ ವನಪಾಲಕ ಅವನ್ನು ಬೆದರಿಸಿ ಹಣ್ಣನ್ನು ಕಿತ್ತುಕೊಳ್ಳುತ್ತಾನೆ. ಇದನ್ನು ಕಂಡ ಜೀವಂಧರನಿಗೆ ವೈರಾಗ್ಯ ಮೂಡುತ್ತದೆ: ಕಪಿಯೇ ಕಾಷ್ಠಾಂಗಾರ, ವನಪಾಲಕನೇ ತಾನು, ಹಣ್ಣೇ ರಾಜ್ಯ, ಆದುದರಿಂದ ರಾಜ್ಯ ತ್ಯಾಜ್ಯ.

ದೃಷ್ಟಾಂತ ಸೊಗಸಾಗಿದೆ. ಆದರೆ ಅದರಲ್ಲಿ ಹೆಣ್ಣು ಕಪಿಗೆ ಸಮಾನವಾದವರು ಯಾರೂ ಇಲ್ಲ. ಆ ದೃಶ್ಯದಲ್ಲಿ ನಡೆದ ಮೊದಲ ಘಟನೆ ಅವಳ ನಿರಾಕರಣೆ, ಎರಡನೆಯದು ವಂಚನೆಯಿಂದ ಆ ನಿರಾಕರಣೆಯನ್ನು ಕರಗಿಸಿದ್ದು. ಎಂಟು ಜನ ಹೆಂಡಿರ ಗಂಡನಾದ ವೀಕ್ಷಕನಿಗೆ ಕಾಣುವುದು ಹಣ್ಣು ಮಾತ್ರ. ಇದೇ ಕಥೆಯಲ್ಲಿ ಇದಕ್ಕೊಂದು ಜೊತೆಯೂ ಇದೆ. ಸುರಮಂಜರಿಯೆಂಬ ಕನ್ಯೆ ಸುಗಂಧಚೂರ್ಣದ ಸ್ಪರ್ಧೆಯಲ್ಲಿ ಗುಣಮಾಲೆಗೆ ಸೋತು, ಜೀವಂಧರನ ಹೊರತು ಬೇರೆ ಗಂಡಸಿನ ಮುಖ ನೋಡುವುದಿಲ್ಲವೆಂದು ಪಣ ತೊಡುತ್ತಾಳೆ. ಅವಳ ಮನೆಯನ್ನು ನಾಯಕ ಮುದಿ ಬ್ರಾಹ್ಮಣನ ವೇಷದಲ್ಲಿ ಪ್ರವೇಶಿಸುತ್ತಾನೆ. ನಿರಾಕರಣೆಯನ್ನು ಜಾಣ್ಮೆಯಿಂದ ದಾಟುವುದು ನಾಯಕನ ಗುಣಗಳಲ್ಲಿ ಒಂದು. ಜೀವಂಧರ ಮುಂದೆ ದೀಕ್ಷೆ ಹಿಡಿದಾಗ ಅವನ ರಾಣಿಯರೂ ಆರ್ಯಿಕೆಯರಾಗುತ್ತಾರೆ. ಹೀಗೆ ಎಂಟು ದಾಂಪತ್ಯಗಳು ಒಂದೇ ದಿನ ಮುಗಿಯುವುದಕ್ಕೆ ಗಂಡನ ವೈರಾಗ್ಯ ಕಾರಣ. ಹೆಂಡಿರದು ಅದರ ಅನುಸರಣೆ.

ಇದರರ್ಥ ಜೈನ ಸಾಹಿತ್ಯದಲ್ಲಿ ಗಂಡನನ್ನು ನಿರಾಕರಿಸಿದ ಹೆಂಡತಿಯೇ ಇಲ್ಲವೆಂದಲ್ಲ. ಜಂಬೂಸ್ವಾಮಿಯ ಪೂರ್ವಭವದ ಕಥೆಯಲ್ಲಿ ಭವದೇವ ಅಣ್ಣನ ಒತ್ತಾಸೆಯಿಂದ ಮುನಿಯಾಗುತ್ತಾನೆ, ಮನಸ್ಸು ಮಾತ್ರ ಊರಲ್ಲಿ ಬಿಟ್ಟುಬಂದ ಮಡದಿಯ ಮೇಲೆ. ವರ್ಷಗಳು ಕಳೆದ ಮೇಲೆ ಅವಳನ್ನು ಅರಸಿ ಹಿಂದಿರುಗುತ್ತಾನೆ. ವ್ರತಗಳಿಂದ ಕೃಶಳಾದ ಅವಳು ಅವನಿಗೆ ಬುದ್ಧಿ ಹೇಳಿ ಕಳುಹುತ್ತಾಳೆ. ಅದ್ಭುತವಾದ ಹೆಣ್ಣು ಅವಳು. ಆದರೆ ಅವಳು ಮುಂದಿಡುವ ಕಾರಣ ಅವನ ವ್ರತ, ಜೊತೆಗೆ ತನ್ನ ವ್ರತ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಏಳನೆಯದು ಬ್ರಹ್ಮಚರ್ಯ. ಮನೆಯಲ್ಲಿದ್ದೇ, ಮದುವೆಯೊಳಗಿದ್ದೇ ಕಾಮದಿಂದ ಹಿಂದೆಗೆಯಲು ಅಲ್ಲಿ ಮಾನ್ಯವಾದ ದಾರಿಯಿದೆ. ಆ ದಾರಿಯ ಬಾಗಿಲಿಗೆ ಧರ್ಮದ ಬೀಗದ ಕೈ ಬೇಕು. 'ವ್ರತವಿದೆ' ಎಂದವಳ ಮಾತಿಗೆ ಬೆಲೆಯುಂಟು; ಬರಿಯ 'ಒಲ್ಲೆ' ಎಂದವಳದು ಮುನಿಸು. ಮುನಿಸನ್ನು ಅಲಂಕಾರಿಕರು ಪ್ರಣಯಕಲಹವೆಂದು, ಅಂಥವಳನ್ನು ಖಂಡಿತೆಯೆಂದು ವರ್ಗೀಕರಿಸಿದರು. ವರ್ಗೀಕರಣದ ಉದ್ದೇಶವೇ ಆ ಮುನಿಸು ತಿಳಿಯಾಗಿ ಶೃಂಗಾರ ಮುಂದುವರಿಯುವುದು.

ಪರಪುರುಷನನ್ನು ನಿರಾಕರಿಸಿದವಳಿಗೆ ಕನ್ನಡ ಕಾವ್ಯ ಎಂದೂ ಕಡಮೆ ಗೌರವ ಕೊಟ್ಟಿಲ್ಲ. ಜನ್ನನ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನನ ಸೆರೆಯಲ್ಲಿದ್ದೂ ಮಣಿಯದೆ ಪ್ರಾಣ ಬಿಡುವ ಸುನಂದೆಯೇ ಸಾಕ್ಷಿ. ಅದೇ ಜನ್ನ 1209ರ 'ಯಶೋಧರ ಚರಿತೆ'ಯಲ್ಲಿ ಅಮೃತಮತಿಯನ್ನು ಚಿತ್ರಿಸಿದ. ಅವಳ ಮನಸ್ಸು ಗಂಡನಿಂದ ಹಿಂದೆ ಸರಿದಿದೆ, ಆದರೆ ಅದನ್ನು ಹೇಳಲು ಅವಳಿಗೆ ಭಾಷೆಯಿಲ್ಲ. ಗಂಡನ ಪಕ್ಕದಲ್ಲಿ ಮಲಗಿ, ಅವನು ನಿದ್ರಿಸಿದನೆಂದು ಭಾವಿಸಿ ಎದ್ದು ಹೋಗುತ್ತಾಳೆ. ಅವಳ ಅಪರಾಧ ಜಾರತನದಿಂದ ಕೊಲೆಯವರೆಗೆ ಬೆಳೆಯುತ್ತದೆ, ಅದನ್ನು ಸಮರ್ಥಿಸಬೇಕಾಗಿಲ್ಲ. ಆದರೂ ಅಮೃತಮತಿಯನ್ನು ಕುರಿತ ವಿಮರ್ಶೆಯ ರಾಶಿಯಲ್ಲಿ ಅವಳು ಜಾರಿದ್ದೇಕೆ ಎಂದು ಕೇಳಿದಷ್ಟು ಬಾರಿ, ಅವಳು ಹೇಳದೆ ಉಳಿದದ್ದೇಕೆ ಎಂದು ಕೇಳಿದಂತಿಲ್ಲ.

ತೆರಕಣಾಂಬಿಗೆ ದೂರವಲ್ಲದ ಯಳಂದೂರಿನ ಸಂಚಿ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ 'ಹದಿಬದೆಯ ಧರ್ಮ'ವನ್ನು ಬೊಮ್ಮರಸನದೇ ಸಾಂಗತ್ಯದಲ್ಲಿ ಬರೆದಳು. ಹೆಣ್ಣಿನ ಹುಟ್ಟನ್ನು ಹೀಗಳೆಯುವವರನ್ನು ನೇರವಾಗಿ ಪ್ರಶ್ನಿಸಿದ ಧೈರ್ಯ ಅವಳದು. ಆದರೆ ಅವಳ ಪತಿವ್ರತೆ ಗಂಡನ ಇಚ್ಛೆಗೆ ಅನುಕೂಲೆಯಾಗಿಯೇ ಇರುತ್ತಾಳೆ. ಹೆಣ್ಣಿನ ಕೈ ಬರೆದುದರಿಂದಲೇ ಎಲ್ಲವೂ ಬದಲಾಗದು.

ಷರತ್ತಿನ ಸಮ್ಮತಿಯನ್ನೂ ಅದರ ಹಿಂತೆಗೆತವನ್ನೂ ಸ್ಪಷ್ಟವಾಗಿ ಕಥಾರೂಪಕ್ಕೆ ತಂದ ಕನ್ನಡ ಕೃತಿ ಹರಿಹರನ 'ಮಹಾದೇವಿಯಕ್ಕನ ರಗಳೆ'. ಅದರಲ್ಲಿ ಉಡುತಡಿಯ ಮಹಾದೇವಿ ಕೌಶಿಕನನ್ನು ಕೆಲವು ಕರಾರುಗಳ ಮೇಲೆ ವರಿಸುತ್ತಾಳೆ: ತನ್ನಿಷ್ಟದಂತೆ ಲಿಂಗಪೂಜೆ, ತನ್ನಿಷ್ಟದಂತೆ ಶರಣರ ಸಂಗ, ತನ್ನಿಷ್ಟದಂತೆ ಗುರುಸೇವೆ. ಮೂರು ತಪ್ಪುಗಳವರೆಗೆ ಕ್ಷಮೆ. ಅವು ಮೀರಿದಾಗ ಅವಳು ಅರಮನೆಯನ್ನೇ ತೊರೆದು ಹೊರಡುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನಿಗೆ 'ಪ್ರಭುಲಿಂಗಲೀಲೆ'ಯಲ್ಲಿ ಈ ಮದುವೆಯೇ ಒಪ್ಪಿಗೆಯಾಗಲಿಲ್ಲ. ಅವನ ಅಕ್ಕ ವಿವಾಹವಾಗದೆಯೇ ಹೊರಡುವಳು. ಅಕ್ಕನ ಗೌರವವನ್ನು ಕಾಯಲು ಚಾಮರಸ ಮಾಡಿದ ಈ ಬದಲಾವಣೆ ಒಂದನ್ನು ಬಲಿ ಕೊಟ್ಟಿತು. ಮದುವೆಯಾದವಳು ಮದುವೆಯೊಳಗಿಂದಲೇ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಳೆಂಬ ಹರಿಹರನ ದಿಟ್ಟ ಸಂಗತಿ ಅಲ್ಲಿ ಮಾಯವಾಯಿತು. ಹರಿಹರನಲ್ಲೂ ಕರಾರಿನ ಮೂರು ಅಂಶಗಳು ಭಕ್ತಿಗೆ ಸಂಬಂಧಿಸಿದವೇ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿಯೂ ಕೀಲಿಕೈ ಧರ್ಮದ್ದೇ, ಬೀಗ ತೆರೆದವಳು ಮಾತ್ರ ಅವಳು.

'ಒಲ್' ಎಂಬ ಧಾತುವಿಗೆ ಕನ್ನಡದಲ್ಲಿ ಬಯಸು, ಪ್ರೀತಿಸು, ಸಮ್ಮತಿಸು ಎಂಬ ಅರ್ಥಗಳು. ಒಲವು ಅದರಿಂದಲೇ, ಒಲ್ಲೆ ಎಂಬ ನಿಷೇಧವೂ ಅದರಿಂದಲೇ. ಭಾಷೆ ಇವೆರಡನ್ನೂ ಒಂದೇ ಬೇರಿನಲ್ಲಿ ಇಟ್ಟಿತು, ಕಾನೂನು ಹಾಗೆ ಇಡಲಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್, ಮದುವೆಯ ಒಪ್ಪಂದದಲ್ಲಿ ಹೆಂಡತಿ ತನ್ನನ್ನು ಕೊಟ್ಟುಕೊಂಡಿರುವುದರಿಂದ ಅದನ್ನು ಹಿಂತೆಗೆಯಲಾರಳು ಎಂದು ಬರೆದ. ಅವನ ಗ್ರಂಥ ಅಚ್ಚಾದದ್ದು ಅವನು ಸತ್ತು ಅರವತ್ತು ವರ್ಷಗಳ ಮೇಲೆ, 1736ರಲ್ಲಿ. 1860ರ ಭಾರತೀಯ ದಂಡಸಂಹಿತೆಯಲ್ಲಿ ಅತ್ಯಾಚಾರದ ವ್ಯಾಖ್ಯೆಗೆ ಗಂಡನನ್ನು ಹೊರಗಿಡುವ ವಿನಾಯಿತಿ ಸೇರಿತು. ಸಿವಿಲ್ ಕಾನೂನಿನಲ್ಲಿ 'ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ' ಎಂಬ ಪರಿಹಾರ ಬಂತು. ಬಾಲ್ಯದಲ್ಲಿ ಮದುವೆಯಾಗಿದ್ದ ರಖಮಾಬಾಯಿ ಗಂಡನ ಮನೆಗೆ ಹೋಗಲು ನಿರಾಕರಿಸಿದಾಗ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಪಿನ್ಹೆ 1885ರಲ್ಲಿ, ಇಂಥ ದಾವೆಗೆ ಹಿಂದೂ ಧರ್ಮಶಾಸ್ತ್ರದಲ್ಲಿ ಆಧಾರವಿಲ್ಲ, ಇದು ಇಂಗ್ಲೆಂಡಿನಿಂದ ಬಂದದ್ದು ಎಂದು ಗುರುತಿಸಿದರು. 1887ರಲ್ಲಿ ಇನ್ನೊಬ್ಬ ನ್ಯಾಯಮೂರ್ತಿ, ಹೋಗು ಇಲ್ಲವೆ ಆರು ತಿಂಗಳು ಸೆರೆಗೆ ಸಿದ್ಧಳಾಗು ಎಂದರು. ತೆರಕಣಾಂಬಿ ಸೇರಿದ್ದ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನವರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಆ ಕಾಲಕ್ಕೆ ಅದು ಮುಂದುವರಿದ ಹೆಜ್ಜೆ. ಅದು ಕೇಳಿದ್ದು ವಯಸ್ಸನ್ನು, ಇಷ್ಟವನ್ನಲ್ಲ.

ಹಳೆಯ ಕಾವ್ಯದ ತರ್ಕ ಇಂದಿನ ಕಾನೂನಿನಲ್ಲಿ ಎಷ್ಟು ಉಳಿದಿದೆಯೆಂಬುದನ್ನು 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕಾಣಬಹುದು. ಅದು ಜೈನರಿಗೂ ಅನ್ವಯಿಸುತ್ತದೆ. ಸಂಗಾತಿ ಸಂನ್ಯಾಸ ಹಿಡಿದು ಲೋಕ ತೊರೆದರೆ ವಿಚ್ಛೇದನಕ್ಕೆ ಅದೊಂದು ಆಧಾರ. ಜೀವಂಧರನ ದಾರಿ ಅಲ್ಲಿ ಕಲಮಾಗಿ ಕುಳಿತಿದೆ. ಮನೆಯಲ್ಲಿದ್ದೇ ಬಹುಕಾಲ ಏಕಪಕ್ಷೀಯವಾಗಿ ದೇಹಸಂಬಂಧವನ್ನು ನಿರಾಕರಿಸಿದರೆ ಅದು ಮಾನಸಿಕ ಕ್ರೌರ್ಯವಾಗಬಹುದೆಂದು ಸುಪ್ರೀಂ ಕೋರ್ಟು 2007ರ ಸಮರ್ ಘೋಷ್ ತೀರ್ಪಿನಲ್ಲಿ ಹೇಳಿದೆ. ಬಿಟ್ಟುಹೋಗಲು ಮಾರ್ಗವುಂಟು, ಉಳಿದು ಬೇಡವೆನ್ನಲು ಮಾರ್ಗ ಕಿರಿದು. ಇಷ್ಟನ್ನು ಹೇಳುವಾಗ ಒಂದು ಭೇದವನ್ನು ಉಳಿಸಿಕೊಳ್ಳಬೇಕು. ನಿರಾಕರಣೆಯಿಂದ ನೊಂದವರಿಗೆ ಮದುವೆಯಿಂದ ಬಿಡುಗಡೆ ಕೊಡುವುದು ಬೇರೆ, ಆ ನಿರಾಕರಣೆಯನ್ನು ಬಲದಿಂದ ಮುರಿದವರಿಗೆ ರಕ್ಷಣೆ ಕೊಡುವುದು ಬೇರೆ.

ಈ ಎರಡನೆಯ ಸಂಗತಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಹೆಂಡತಿಯ ದೂರಿನ ಮೇಲೆ ಗಂಡನ ವಿರುದ್ಧ ಹೊರಿಸಿದ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು 2022ರ ಮಾರ್ಚ್ 23ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ನಿರಾಕರಿಸಿದರು. ಗಂಡನೆಂಬ ಕಾರಣಕ್ಕೆ ಕೃತ್ಯದ ಸ್ವರೂಪ ಬದಲಾಗದು, ವಿನಾಯಿತಿ ಪರಿಪೂರ್ಣವೆಂದು ತಿಳಿಯಲಾಗದು ಎಂಬುದು ತೀರ್ಪಿನ ಸಾರ. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ರಾಜ್ಯ ಸರ್ಕಾರ ಹೈಕೋರ್ಟಿನ ತೀರ್ಪನ್ನು ಸಮರ್ಥಿಸಿ ಪ್ರಮಾಣಪತ್ರ ಸಲ್ಲಿಸಿತು. ನಡುವೆ ಮೇ 11ರಂದು ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ವಿನಾಯಿತಿಯ ಸಾಂವಿಧಾನಿಕತೆಯ ಬಗ್ಗೆ ಭಿನ್ನ ತೀರ್ಪುಗಳನ್ನಿತ್ತರು. 2023ರ ಜೂನ್‌ನಲ್ಲಿ ಅದೇ ನ್ಯಾಯಮೂರ್ತಿ ನಾಗಪ್ರಸನ್ನರೆದುರಿಗೆ ಪ್ರಶ್ನೆಯ ಮತ್ತೊಂದು ಮುಖ ಬಂತು: ಆಧ್ಯಾತ್ಮಿಕ ಒಲವಿನಿಂದ ಗಂಡನೇ ದೇಹಸಂಬಂಧದಿಂದ ದೂರ ಉಳಿದಿದ್ದ. ಅದು ವಿವಾಹ ಕಾಯಿದೆಯ ದೃಷ್ಟಿಯಲ್ಲಿ ಕ್ರೌರ್ಯವಾದರೂ ದಂಡಸಂಹಿತೆಯ 498ಎ ಅಡಿಯಲ್ಲಿ ಅಪರಾಧವಲ್ಲವೆಂದು ಅವರು ಪ್ರಕರಣವನ್ನು ಕೈಬಿಟ್ಟರು. ಭವದೇವನ ಮಡದಿಯ ಕಥೆ ಬಲ್ಲವರಿಗೆ ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದುವುದು ಲಾಭಕರ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ತನ್ನ 63ನೆಯ ಕಲಮಿನಲ್ಲಿ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಹೆಂಡತಿಯ ವಯೋಮಿತಿಯನ್ನು ಹದಿನೈದರ ಬದಲು ಹದಿನೆಂಟಕ್ಕೆ ಏರಿಸಿದ್ದು ಮಾತ್ರ ವ್ಯತ್ಯಾಸ. ಮೈಸೂರಿನ 1894ರ ಕಾಯಿದೆಯಂತೆ ಇಲ್ಲಿಯೂ ಕೇಳಿದ್ದು ವಯಸ್ಸನ್ನೇ. ಆ ವರ್ಷದ ಅಕ್ಟೋಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಪೀಠ ಸಾಂವಿಧಾನಿಕ ಪ್ರಶ್ನೆಯ ವಿಚಾರಣೆ ಆರಂಭಿಸಿತು. ಅವರ ನಿವೃತ್ತಿಯೊಳಗೆ ವಾದಗಳು ಮುಗಿಯುವ ಸಂಭವ ಕಾಣಲಿಲ್ಲ. ಅದೇ ತಿಂಗಳ 23ರಂದು ಪ್ರಕರಣವನ್ನು ಬೇರೆ ಪೀಠಕ್ಕೆ ಬಿಟ್ಟು ವಿಚಾರಣೆಯನ್ನು ಮುಂದೂಡಲಾಯಿತು.