ಇಂದಾಪುರದ ಸರಪಳಿ, ಅಮೆರಿಕದ ಹತ್ತಿ ಮತ್ತು ರೈತನ ಬಿಡುಗಡೆ

ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಎಂದು ಪಹಣಿ ಓದುವ ನಾವು ಈ ಲೆಕ್ಕ ಎಲ್ಲಿಂದ ಬಂತೆಂದು ಕೇಳುವುದು ಕಡಿಮೆ. 33 ಅಡಿಯ ಸರಪಳಿಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆದರೆ ಒಂದು ಗುಂಟೆ, ಅಂದರೆ 1,089 ಚದರಡಿ. ಈ ಸರಪಳಿ, ಸರ್ವೆ ನಂಬರು, ನಂಬರಿಗೊಂದು ಆಕಾರ (ಕಂದಾಯ), ಆಕಾರಕ್ಕೊಬ್ಬ ಖಾತೆದಾರ ಎಂಬ ಏರ್ಪಾಟು ಮುಂಬಯಿ ಪ್ರಾಂತ್ಯದಲ್ಲಿ ಗಟ್ಟಿಯಾಗಿ ಬೇರೂರಿದ್ದು 1836ರ ಸುಮಾರಿಗೆ, ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ. ಕೆಲವೇ ವರ್ಷಗಳಲ್ಲಿ ಅದೇ ಸರಪಳಿ ಧಾರವಾಡದ ಎರೆಹೊಲಗಳಿಗೆ ಬಂತು. ಅದೇ ಹೊಲಗಳಿಗೆ ಅಮೆರಿಕದ ಹತ್ತಿಬೀಜವೂ ಬಂತು. ರೈತನಿಗೆ ‘ಇದು ನನ್ನದು’ ಎನ್ನುವ ಹಕ್ಕು ಸಿಕ್ಕಿದ್ದು, ಆ ಹಕ್ಕೇ ಸಾಹುಕಾರನ ಕೈಗೆ ಹಿಡಿಯಾದದ್ದು, ಎರಡನ್ನೂ ಈ ಸರಪಳಿಯ ಜಾಡು ಹಿಡಿದೇ ನೋಡಬೇಕಾಗುತ್ತದೆ.

ಇಂದಾಪುರಕ್ಕೆ ಭೀಮಾ ಒಂದು ಮಗ್ಗುಲು, ನೀರಾ ಇನ್ನೊಂದು ಮಗ್ಗುಲು. ನರಸಿಂಗಪುರದಲ್ಲಿ ಎರಡೂ ಕೂಡಿ, ಮುಂದೆ ಭೀಮಾ ನಮ್ಮ ವಿಜಯಪುರ, ಕಲಬುರಗಿಗಳ ಕಡೆಗೆ ಹರಿದು ಬರುತ್ತದೆ. ಹೊಳೆ ಎರಡಿದ್ದರೂ ಮಳೆ ಮಾತ್ರ ನಂಬುವಂಥದಲ್ಲ. ಜೋಳ, ಸಜ್ಜೆಯ ಬರಸೀಮೆ ಅದು. 1818ರಲ್ಲಿ ಪೇಶ್ವೆಯ ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಕಂಪನಿಯ ಅಧಿಕಾರಿ ರಾಬರ್ಟ್ ಕೀತ್ ಪ್ರಿಂಗಲ್ ಇಲ್ಲಿಯ ನೆಲವನ್ನು ಅರ್ಥಶಾಸ್ತ್ರಜ್ಞ ರಿಕಾರ್ಡೊನ ಗೇಣಿ ಸಿದ್ಧಾಂತದಿಂದ ತೂಗಲು ಹೊರಟ. ಪ್ರತಿ ಹೊಲದ ಖರ್ಚು ಕಳೆದ ನಿವ್ವಳ ಉತ್ಪನ್ನ ಎಷ್ಟೆಂದು ಗುಣಿಸಿ, ಅದರ ನೂರಕ್ಕೆ 55 ಭಾಗ ಸರಕಾರಕ್ಕೆ ಎಂದ. ಲೆಕ್ಕವೇನೋ ಚೆಂದವೇ. ಆದರೆ ಆ ನಿವ್ವಳವನ್ನು ಬರೆದುಕೊಟ್ಟವರು ಕೆಳಗಿನ ಗುಮಾಸ್ತರು, ಅವರ ಲೇಖಣಿ ಯಾರ ಕಡೆ ವಾಲಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಧಾನ್ಯದ ಬೆಲೆಯೂ ಇಳಿಯಿತು. ಹೊಲ ಬೀಳುಬಿತ್ತು, ರೈತರು ಎತ್ತು ಹೊಡೆದುಕೊಂಡು ನಿಜಾಮನ ಸೀಮೆ ಸೇರಿದರು.

1835ರಲ್ಲಿ ಈ ಹಾಳನ್ನು ಸರಿಪಡಿಸಲು ಬಂದವರು ಹೆನ್ರಿ ಗೋಲ್ಡ್‌ಸ್ಮಿಡ್ ಮತ್ತು ಲೆಫ್ಟಿನೆಂಟ್ ಜಾರ್ಜ್ ವಿಂಗೇಟ್. ಅವರು ಸಿದ್ಧಾಂತವನ್ನು ಬದಿಗಿಟ್ಟು ಮಣ್ಣಿಗೆ ಕೈಹಾಕಿದರು. ಇಂದಾಪುರದಲ್ಲಿ ಶುರುವಾದ ಈ ಕ್ರಮ ಸರ್ವೆ ಅಧಿಕಾರಿಗಳ 1847ರ ಜಂಟಿ ವರದಿಯ ಹೊತ್ತಿಗೆ ನಿಯಮಾವಳಿಯ ರೂಪ ಪಡೆಯಿತು. ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಉತ್ತಮ, ಅಲ್ಲಿಂದ ಇಳಿಯುತ್ತ ಒಂಬತ್ತು ತರಗತಿ. ಮೊದಲನೆಯದಕ್ಕೆ 16 ಆಣೆ, ಕೊನೆಯದಕ್ಕೆ 2 ಆಣೆ. ಸುಣ್ಣಗಲ್ಲು, ಮರಳು, ಇಳಿಜಾರು, ಜವುಗು ಇದ್ದರೆ ಒಂದೊಂದು ತರಗತಿ ಕಡಿತ. ದರ ನಿಗದಿಗೆ ಹಿಂದಿನ ವಸೂಲಿ, ಮಳೆ, ಪೇಟೆಯ ದೂರ ಇವೇ ಆಧಾರ. ಒಮ್ಮೆ ಕಟ್ಟಿದ ದರ 30 ವರ್ಷ ಕದಲುವುದಿಲ್ಲ, ಆ ಅವಧಿಯಲ್ಲಿ ರೈತ ಬಾವಿ ತೋಡಿದರೂ ಕಂದಾಯ ಏರುವುದಿಲ್ಲ.

ಇದರಲ್ಲಿ ರಾಜಕೀಯವಾಗಿ ಎಲ್ಲಕ್ಕಿಂತ ದೊಡ್ಡ ಮಾತು ಬೇರೆಯೇ ಇದೆ. ರೈತ ತನ್ನ ನಂಬರಿಗೆ ಮಾತ್ರ ಹೊಣೆ. ಪಕ್ಕದವನ ಬಾಕಿ ಅವನ ತಲೆಗೆ ಬರುವುದಿಲ್ಲ. ಬೇಡವೆನಿಸಿದರೆ ವರ್ಷದ ಕೊನೆಗೆ ನಂಬರು ಬಿಟ್ಟುಕೊಡಬಹುದು. ಇಟ್ಟುಕೊಂಡರೆ ಮಾರಬಹುದು, ಅಡವಿಡಬಹುದು. ಊರಿನ ಕಟ್ಟಿನೊಳಗೆ ಗೌಡ, ಕುಲಕರ್ಣಿಯರ ಮುಖ ನೋಡಿ ಬದುಕುತ್ತಿದ್ದ ಒಕ್ಕಲಿಗ ಈಗ ಸರಕಾರದ ಪುಸ್ತಕದಲ್ಲಿ ಒಬ್ಬಂಟಿ ಹೆಸರು. ವ್ಯಕ್ತಿಸ್ವಾತಂತ್ರ್ಯ ದಖ್ಖನಿನ ಹಳ್ಳಿಗೆ ಭಾಷಣವಾಗಿ ಬಂದದ್ದಲ್ಲ, ಖಾತೆಯ ಸಾಲಾಗಿ ಬಂತು ಎಂಬುದು ನನ್ನ ಎಣಿಕೆ.

ವಿಂಗೇಟ್ 1840ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯ ಸರ್ವೆಗೆ ಮೇಲಾಧಿಕಾರಿಯಾದ. ಹೆಸರು ಮರಾಠಾ ಸೀಮೆ, ಅಳೆದದ್ದು ಕನ್ನಡದ ನೆಲ. 1863ರಲ್ಲಿ ಕಮಿಷನರ್ ಬೌರಿಂಗ್ ಕಾಲದ ಮೈಸೂರು ಕೂಡ ಇದೇ ಮಾದರಿಯಲ್ಲಿ ಸರ್ವೆ ಇಲಾಖೆ ತೆರೆಯಿತು.

ಇಷ್ಟರಲ್ಲಿ ಧಾರವಾಡದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1840ರಲ್ಲಿ ಕಂಪನಿ ಅಮೆರಿಕದ ತೆಂಕಣ ನಾಡಿನಿಂದ ಹತ್ತು ಜನ ಹತ್ತಿಬೆಳೆಗಾರರನ್ನು ಕರೆಸಿತು. ಗುಲಾಮರ ದುಡಿಮೆಯ ಮೇಲೆ ನಿಂತ ತೋಟಗಳ ನಾಡಿನವರು ಅವರು. ಅವರಲ್ಲಿ ಮರ್ಸರ್ ಎಂಬಾತ ಧಾರವಾಡ ಸೀಮೆಗೆ ಬಂದ. ಕಲೆಕ್ಟರ್ ಶಾ ಕೂಡ ನ್ಯೂ ಆರ್ಲಿಯನ್ಸ್ ಬೀಜಕ್ಕೆ ಒತ್ತಾಸೆಯಾಗಿದ್ದ. ಕೆಲ ವರ್ಷ ಕಳೆದ ಮೇಲೆ ಮರ್ಸರ್ ಕೊಟ್ಟ ವರದಿ ಓದಿದರೆ ನಗು ಬರುತ್ತದೆ: ಸರಕಾರಿ ಪ್ರಯೋಗದ ಹೊಲಗಳು ವ್ಯರ್ಥ ಖರ್ಚು, ಅಮೆರಿಕದ ಪದ್ಧತಿ ಇಲ್ಲಿಗೆ ಒಗ್ಗದು, ಇಲ್ಲಿಯ ರೈತ ತನ್ನ ಮಣ್ಣು ಮಳೆ ಬಲ್ಲವನಾದ್ದರಿಂದ ಯುರೋಪಿಯನ್ನರಿಗಿಂತ ಚೆನ್ನಾಗಿ, ಅಗ್ಗವಾಗಿ ಬೆಳೆಯಬಲ್ಲ ಎಂಬುದು ಅವನ ಮಾತಿನ ಸಾರ. ಗುಲಾಮಗಿರಿಯ ನಾಡಿನಿಂದ ಕಲಿಸಲು ಬಂದವನು ಒಕ್ಕಲಿಗನ ಜಾಣ್ಮೆಗೆ ಪ್ರಮಾಣಪತ್ರ ಬರೆದುಕೊಟ್ಟ. ಬೀಜವನ್ನಂತೂ ನಮ್ಮವರು ಬಿಡಲಿಲ್ಲ. ಜವಾರಿ ಹತ್ತಿಯ ಪಕ್ಕದಲ್ಲೇ ‘ವಿಲಾಯತಿ ಹತ್ತಿ’ ನಿಂತಿತು, ಪೇಟೆಯಲ್ಲಿ ಅದರ ಹೆಸರು ಧಾರವಾಡ–ಅಮೆರಿಕನ್.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು, ಬಡಗಣದ ಹಡಗುಗಳು ತೆಂಕಣದ ರೇವುಗಳನ್ನು ಕಟ್ಟಿಹಾಕಿದವು. ಮ್ಯಾಂಚೆಸ್ಟರಿನ ಮಗ್ಗಗಳಿಗೆ ಮುಂಬಯಿಯ ಹತ್ತಿಯೇ ಗತಿಯಾಯಿತು. ಬೆಲೆ ಪಟ್ಟು ಪಟ್ಟಾಗಿ ಏರಿತು. ಧಾರವಾಡದ ಅರಳೆ ಸಾಗಿಸಲು ಕಾರವಾರದ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಅಮೆರಿಕದ ಒಂದು ಕದನ ನಮ್ಮ ಪ್ರಾಂತ್ಯಗಳ ಗಡಿಯನ್ನೇ ಬದಲಿಸಿತು.

ಆ ಕದನದ ನಡುವೆ, 1863ರ ಜನವರಿ 1ರಂದು, ಅಮೆರಿಕದಲ್ಲಿ ಎರಡು ಕಾಗದಗಳು ಜಾರಿಗೆ ಬಂದವು. ಒಂದು, ಲಿಂಕನ್ ಹೊರಡಿಸಿದ ಗುಲಾಮರ ವಿಮೋಚನೆಯ ಘೋಷಣೆ. ಇನ್ನೊಂದು, ಹಿಂದಿನ ವರ್ಷ ಪಾಸಾಗಿದ್ದ ಹೋಮ್‌ಸ್ಟೆಡ್ ಕಾಯ್ದೆ: 160 ಎಕರೆ ಹಿಡಿದು ಐದು ವರ್ಷ ಬಾಳ್ವೆ ಮಾಡಿದವನಿಗೆ ಆ ನೆಲ. ಅಲ್ಲಿಯ ನೆಲ ಅಳೆದದ್ದು 66 ಅಡಿಯ ಸರಪಳಿ, ಇಂದಾಪುರದ್ದರ ಸರಿಯಾಗಿ ಎರಡರಷ್ಟು. ಅಲ್ಲಿ ಐದು ವರ್ಷಕ್ಕೆ ನೆಲ ಸ್ವಂತ. ಇಲ್ಲಿ ಕಂದಾಯಕ್ಕೆ ಕೊನೆಯೇ ಇಲ್ಲ. ಆ ‘ಖಾಲಿ’ ನೆಲ ಮೂಲನಿವಾಸಿಗಳ ಕಾಲಡಿಯಿಂದ ಎಳೆದದ್ದೆಂಬುದನ್ನು ಈ ಹೋಲಿಕೆಯಲ್ಲಿ ಮರೆಯುವಂತಿಲ್ಲ. ಬಿಡುಗಡೆಯಾದ ಕಪ್ಪು ಜನರಿಗಂತೂ 1865ರಲ್ಲಿ ಜನರಲ್ ಶೆರ್ಮನ್ ಹಂಚಹೊರಟ ನಲವತ್ತು ಎಕರೆ ಅದೇ ವರ್ಷ ಕೈಜಾರಿತು. ಪಾಲಿಗೆ ಬಂದದ್ದು ಕೋರುಬೇಸಾಯ, ಬೆಳೆಯ ಮೇಲಿನ ಸಾಲ.

ಇಂದಾಪುರದ ಕಡೆಗೂ ಸಾಲವೇ ಬಂತು. 1858ರಲ್ಲಿ ರೈಲು ಪುಣೆಯಿಂದ ದಿಕ್ಸಾಳದವರೆಗೆ, 1860ರಲ್ಲಿ ಸೊಲ್ಲಾಪುರದವರೆಗೆ ಓಡಿತು. ಈ ಸೀಮೆ ಹತ್ತಿಯದಲ್ಲ. ಹಾಗಾಗಿ ಅಮೆರಿಕದ ಹತ್ತಿಯ ಉಬ್ಬರವೇ ಮುಂದೆ 1875ರಲ್ಲಿ ಸಾಹುಕಾರರ ಮೇಲೆ ಎದ್ದ ದಂಗೆಗೆ ನೇರ ಕಾರಣವೆಂಬ ಪಠ್ಯಪುಸ್ತಕದ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಉಬ್ಬರ ಏರಿಸಿದ್ದು ಧಾನ್ಯದ ಬೆಲೆಯನ್ನು, ಕೂಲಿಯನ್ನು, ಸಾಹುಕಾರನ ಧೈರ್ಯವನ್ನು. ಅಡವಿಡಲು ಬರುವ ಖಾತೆ ರೈತನ ಕೈಯಲ್ಲಿತ್ತು. 1859ರ ಕಾಲಮಿತಿ ಕಾಯ್ದೆ ರೈತನಿಗೆ ಒಳಿತಾಗಲೆಂದು ಸಾದಾ ಸಾಲಪತ್ರಕ್ಕೆ ಮೂರು ವರ್ಷದ ಗಡುವು ಹಾಕಿತು; ಸಾಹುಕಾರ ಗಡುವು ಮುಗಿಯುವ ಮುನ್ನ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡ. ಖಾತೆ ಕೊಟ್ಟ ವಿಂಗೇಟನೇ 1852ರಲ್ಲಿ, ಸಾಲ ವಸೂಲಿಗೆ ಕಾನೂನು ಕೊಟ್ಟಿರುವ ಸಲೀಸು ರೈತನಿಗೆ ಮುಳುವಾಗುತ್ತಿದೆಯೆಂದು ಎಚ್ಚರಿಸಿದ್ದ. ತಾಳಿದವನು ಬಾಳಿಯಾನು ಎನ್ನುವುದು ನಮ್ಮ ಗಾದೆ. ತಾಳಿದಷ್ಟೂ ಬಡ್ಡಿ ಬೆಳೆಯುವ ಕಡೆ ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಿದ್ದರೆಂದು ಊಹಿಸಬಹುದು.

ಯುದ್ಧ 1865ರಲ್ಲಿ ಮುಗಿದು ಬೆಲೆ ಕುಸಿಯಿತು. 30 ವರ್ಷದ ಕರಾರು ಎಲ್ಲಕ್ಕಿಂತ ಮೊದಲು ತೀರಿದ್ದು, ಮೊದಲು ಸರ್ವೆಯಾದ ಇಂದಾಪುರದಲ್ಲೇ. 1867ರಲ್ಲಿ, ಉಬ್ಬರದ ದಿನಗಳ ಬೆಲೆ ಇನ್ನೂ ಕಣ್ಣಲ್ಲಿರುವಾಗಲೇ, ಅಲ್ಲಿ ಕಂದಾಯ ಏರಿತು. ಏರಿಕೆಗೆ ಮಿತಿ ಬಿದ್ದದ್ದು 1874ರಲ್ಲಿ: ತಾಲೂಕಿಗೆ ನೂರಕ್ಕೆ 33, ಹಳ್ಳಿಗೆ 66, ಒಬ್ಬ ಖಾತೆದಾರನಿಗೆ 100 ಮೀರಕೂಡದು.

ಇದೇ ಹೊತ್ತಿಗೆ ಪುಣೆಯಲ್ಲಿ ಸಮಾಜ ಸುಧಾರಕ ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪ್ರಕಟಿಸಿ, ನೀಗ್ರೋ ಗುಲಾಮರ ಬಿಡುಗಡೆಗೆ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಅಮೆರಿಕವೆಂದರೆ ವ್ಯಾಪಾರಿಗೆ ಹತ್ತಿ, ಫುಲೆಗೆ ಮಾನವ ಬಿಡುಗಡೆ. ಹೊಲದ ಬಿಡುಗಡೆಯ ಪ್ರಶ್ನೆಯನ್ನು ಅವರು ಸುಮಾರು ಹತ್ತು ವರ್ಷದ ಮೇಲೆ ‘ಶೇತಕಱ್ಯಾಚಾ ಆಸೂಡ’ (ರೈತನ ಚಾಟಿ) ಎಂಬ ಪುಸ್ತಕದಲ್ಲಿ ಎತ್ತಿಕೊಂಡರು.

1875ರ ಮೇ 12ರಂದು, ಇಂದಾಪುರದ ನೆರೆಯ ಭೀಮಥಡಿ ತಾಲೂಕಿನ ಸುಪೆಯಲ್ಲಿ ಜನ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಗಲಭೆ ಸುತ್ತಲ ತಾಲೂಕುಗಳಿಗೂ ಅಹಮದ್‌ನಗರಕ್ಕೂ ಹಬ್ಬಿತು. ಜೀವ ತೆಗೆಯುವುದಕ್ಕಿಂತ ಪತ್ರ ಕಸಿದು ಸುಡುವುದೇ ಗುರಿಯಾಗಿತ್ತು. ಪತ್ರ ಕೊಟ್ಟ ಸಾಹುಕಾರನ ಮೇಲೆ ಕೈಮಾಡಿದ್ದು ಕಡಿಮೆ. ಸರಕಾರ ಆಯೋಗ ಕೂರಿಸಿತು. ವರದಿಯ ಶಾಯಿ ಆರುವ ಮೊದಲೇ 1876–78ರ ಬರ ಇಂದಾಪುರವನ್ನೂ ಧಾರವಾಡ, ಕಲಾದಗಿಗಳನ್ನೂ ಒಟ್ಟಿಗೇ ತಿಂದಿತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ ಬಂತು. ಇನ್ನು ಮುಂದೆ ನ್ಯಾಯಾಧೀಶ ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬಬೇಕಾಗಿರಲಿಲ್ಲ. ಅಸಲು ಎಷ್ಟು, ಬಡ್ಡಿ ಎಷ್ಟು, ರೈತನ ಕೈಗೆ ನಿಜಕ್ಕೂ ಬಿದ್ದದ್ದೆಷ್ಟು ಎಂದು ಮೊದಲಿನಿಂದ ಕೇಳಬಹುದಿತ್ತು.